ಜೀವದಯೆಯ ಲೆಕ್ಕಕ್ಕೆ ಬಾರದ ಹಕ್ಕಿ

2025ರ ಆಗಸ್ಟ್ ತಿಂಗಳಲ್ಲಿ ಮುಂಬಯಿಯ ದಾದರ್ ಕಬೂತರ್‌ಖಾನೆಗೆ ಮಹಾನಗರ ಪಾಲಿಕೆ ಹೊದಿಸಿದ್ದ ಟಾರ್ಪಾಲಿನ್ನನ್ನು ಪ್ರತಿಭಟನಕಾರರು ಕಿತ್ತೊಗೆದರು. ಆ ಗುಂಪಿನಲ್ಲಿ ಜೈನ ಸಮಾಜದವರು ದೊಡ್ಡ ಸಂಖ್ಯೆಯಲ್ಲಿದ್ದರು. ಪಾರಿವಾಳಕ್ಕೆ ಕಾಳು ಹಾಕುವುದನ್ನು ತಡೆಯುವುದೆಂದರೆ ಧರ್ಮಕ್ಕೇ ಅಡ್ಡಿಪಡಿಸಿದಂತೆ ಎಂಬ ವಾದ ಬೀದಿಯಿಂದ ಹೊರಟು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನೂ ತಟ್ಟಿತು. ಅದಕ್ಕೆ ಕೆಲವೇ ದಿನಗಳ ಮೊದಲು, ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದ ಆನೆ ಮಹಾದೇವಿಯನ್ನು ಗುಜರಾತಿಗೆ ಸಾಗಿಸಿದಾಗ, ಕೃಷ್ಣಾ ತೀರದ ಜೈನ ಸಮಾಜವೂ ಅದರೊಡನೆ ಇತರ ಸಮಾಜದವರೂ ಬೀದಿಗಿಳಿದಿದ್ದರು. ಈ ಎರಡು ಪ್ರಕರಣಗಳಲ್ಲಿ ಯಾರ ವಾದ ಸರಿ, ಯಾರದು ತಪ್ಪು ಎಂಬುದು ಇಲ್ಲಿನ ಚರ್ಚೆಯಲ್ಲ. ಅವೆರಡೂ ಒಂದು ಸಂಗತಿಯನ್ನು ಮಾತ್ರ ನಿಸ್ಸಂಶಯವಾಗಿ ತೋರಿಸಿಕೊಟ್ಟವು. ಸಂಖ್ಯೆಯಲ್ಲಿ ಅತ್ಯಲ್ಪವಾದ ಈ ಸಮಾಜ ಒಂದು ಪ್ರಾಣಿಗಾಗಿ ಎದ್ದು ನಿಂತರೆ ಪಾಲಿಕೆ, ಸರ್ಕಾರ, ಉದ್ಯಮಪತಿಗಳೆಲ್ಲ ಕಿವಿಗೊಟ್ಟು ಕೇಳಲೇಬೇಕಾಗುತ್ತದೆ.

ಹಾಗಿದ್ದರೆ ಇನ್ನೊಂದು ಹಕ್ಕಿಯ ವಿಷಯದಲ್ಲಿ ಮೂವತ್ತು ವರ್ಷಗಳ ಈ ಮೌನವೇಕೆ? ಪಾರಿವಾಳದ ಸಂತತಿ ನಗರಗಳಲ್ಲಿ ಕುಗ್ಗುತ್ತಿಲ್ಲ, ಬೆಳೆಯುತ್ತಿದೆ. ಅಳಿವಿನ ಅಂಚಿಗೆ ಬಂದು ನಿಂತಿರುವುದು ರಣಹದ್ದು. ಅದರ ಹೆಸರಿನಲ್ಲಿ ಯಾವ ಸಂಘವೂ ಮೆರವಣಿಗೆ ತೆಗೆಯಲಿಲ್ಲ, ಯಾವ ಚಾತುರ್ಮಾಸದ ಪ್ರವಚನದಲ್ಲೂ ಅದರ ಮಾತು ಬರಲಿಲ್ಲ, ದಶಲಕ್ಷಣ ಪರ್ವದ ಜೀವದಯಾ ನಿಧಿಯಿಂದ ಒಂದು ರೂಪಾಯಿಯನ್ನೂ ಅದಕ್ಕಾಗಿ ಎತ್ತಿಡುವ ರೂಢಿ ಹುಟ್ಟಲಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿದೆ. ಪಾರಿವಾಳ ಕಾಳು ತಿನ್ನುತ್ತದೆ, ರಣಹದ್ದು ಹೆಣ ತಿನ್ನುತ್ತದೆ. ಸಮಾಜದ ದಯೆ ಜೀವವನ್ನು ನೋಡುವ ಮೊದಲು ಅದರ ತಟ್ಟೆಯನ್ನು ನೋಡುತ್ತಿದೆ.

ಈ ತಾರತಮ್ಯ ಕೇವಲ ರುಚಿ-ಅರುಚಿಯ ವಿಷಯವಾಗಿದ್ದರೆ ಅದನ್ನು ಕ್ಷಮಿಸಬಹುದಿತ್ತು. ಎಲ್ಲರೂ ಎಲ್ಲ ಪ್ರಾಣಿಗಳನ್ನೂ ಪೊರೆಯಲಾಗದು. ಆದರೆ ರಣಹದ್ದಿನ ಸಾವಿಗೂ ಜೈನ ಸಮಾಜ ಹಣ ಕೊಟ್ಟು ನಡೆಸುವ ಗೋಶಾಲೆ, ಪಾಂಜರಪೋಳಗಳ ಹಿತ್ತಲಿಗೂ ನೇರವಾದ ದಾರಿಯೊಂದಿದೆ. ಆ ದಾರಿಯನ್ನು ಕಣ್ಣು ತೆರೆದು ನೋಡದೆ ಇನ್ನು ಮುಂದೆ ಜೀವದಯೆಯ ಮಾತನ್ನಾಡುವುದು ಕಷ್ಟ.

ನಡೆದ ಸಂಗತಿ ಇಷ್ಟು. 1990ರ ದಶಕದ ಆರಂಭದವರೆಗೂ ಭಾರತದ ಆಕಾಶದಲ್ಲಿ ರಣಹದ್ದುಗಳು ಕೋಟಿಗಳ ಲೆಕ್ಕದಲ್ಲಿದ್ದವು. ದೊಡ್ಡ ಬೇಟೆಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯದು ಎಂಬ ಹೆಸರು ಬಿಳಿ ಬೆನ್ನಿನ ರಣಹದ್ದಿಗಿತ್ತು. 1992ರಿಂದ 2007ರೊಳಗೆ ಅದರ ಸಂಖ್ಯೆ ಶೇಕಡಾ 99.9ರಷ್ಟು ಕುಸಿಯಿತು. ಸಾವಿರ ಹಕ್ಕಿಗಳಿದ್ದಲ್ಲಿ ಒಂದು ಉಳಿಯಿತು. ಉದ್ದ ಕೊಕ್ಕಿನ ರಣಹದ್ದು ಮತ್ತು ತೆಳು ಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೇಳು ಹೋದವು. ಭರತಪುರದ ಕೇವಲಾದೇವ ಉದ್ಯಾನದಲ್ಲಿ ಈ ಕುಸಿತವನ್ನು ಮೊದಲು ಗುರುತಿಸಿದವರು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್. ರೋಗವೋ, ಹಸಿವೋ, ಬೇಟೆಯೋ ಎಂದು ವರ್ಷಗಟ್ಟಲೆ ಹುಡುಕಾಟ ನಡೆಯಿತು. 2004ರಲ್ಲಿ ಉತ್ತರ ಸಿಕ್ಕಿತು. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು, ದನಗಳಿಗೆ ನೋವು ಮತ್ತು ಜ್ವರಕ್ಕೆ ಕೊಡುವ ಡೈಕ್ಲೋಫೆನಾಕ್ ಎಂಬ ಅಗ್ಗದ ಮದ್ದೇ ಕೊಲೆಗಾರ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ದನ ಸತ್ತರೆ ಅದರ ಮಾಂಸದಲ್ಲಿ ಮದ್ದಿನ ಅಂಶ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ನಿಂತುಹೋಗುತ್ತದೆ. ಯೂರಿಕ್ ಆಮ್ಲ ದೇಹದೊಳಗೇ ಹರಳುಗಟ್ಟಿ, ಯಕೃತ್ತು ಹೃದಯಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರವಾಗಿ ಕೂರುತ್ತದೆ. ಹಕ್ಕಿ ತಲೆ ಇಳಿಬಿಟ್ಟು ಕೊಂಬೆಯ ಮೇಲೆ ಕುಳಿತು ಕೆಲವೇ ದಿನಗಳಲ್ಲಿ ನೆಲಕ್ಕುರುಳುತ್ತದೆ. ರಣಹದ್ದುಗಳು ಗುಂಪಾಗಿ ಉಣ್ಣುವ ಹಕ್ಕಿಗಳು. ಒಂದು ಕಳೇಬರದ ಸುತ್ತ ಹತ್ತಾರು, ಕೆಲವೊಮ್ಮೆ ನೂರಾರು ಸೇರುತ್ತವೆ. ಆದ್ದರಿಂದಲೇ ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಮಯವಾಗಿದ್ದರೂ ಇಷ್ಟು ದೊಡ್ಡ ನಾಶಕ್ಕೆ ಸಾಕು ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ಜೋಡಿಯಾಗಲು ಸುಮಾರು ಐದು ವರ್ಷ ಬೇಕು. ಹತ್ತು ವರ್ಷಗಳಲ್ಲಿ ಕಳೆದುಕೊಂಡದ್ದನ್ನು ನೂರು ವರ್ಷಗಳಲ್ಲಿ ಗಳಿಸುವುದೂ ಕಷ್ಟ.

ಈಗ ಕೇಳಬೇಕಾದ ಪ್ರಶ್ನೆ ಸರಳವಾದದ್ದು. ಈ ದೇಶದಲ್ಲಿ ಮುದಿ ಹಸು, ಗೊಡ್ಡು ಎಮ್ಮೆ, ಕಾಲು ಮುರಿದ ಎತ್ತುಗಳನ್ನು ಕಟುಕನಿಗೆ ಕೊಡದೆ, ಅವುಗಳ ನೋವಿಗೆ ಮದ್ದು ಕೊಡುತ್ತಾ, ಸಹಜವಾಗಿ ಸಾಯುವವರೆಗೂ ಸಾಕುವವರು ಯಾರು? ಗೋಶಾಲೆಯವರು, ಪಾಂಜರಪೋಳದವರು. ಅವುಗಳಿಗೆ ಹಣ ಕೊಡುವವರಲ್ಲಿ ಮುಂಚೂಣಿಯಲ್ಲಿರುವವರು ಯಾರು? ಜೈನರು. ಮುಂಬಯಿಯಲ್ಲಿ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಲು ಹೊರಟಾಗ ಎದ್ದ ಪ್ರತಿಭಟನೆಯ ಬೆನ್ನಿಗೆ, 1834ರಲ್ಲಿ, ಪಾರಸಿ ವರ್ತಕ ಜಮ್ಶೆಟ್‌ಜೀ ಜೀಜೀಭಾಯ್ ಅವರೊಡನೆ ಜೈನ ವರ್ತಕರು ಕೈಜೋಡಿಸಿ ಪಾಂಜರಪೋಳ ಕಟ್ಟಿದ ಇತಿಹಾಸ ಹೆಮ್ಮೆಪಡುವಂಥದ್ದೇ. ಆದರೆ ನೋವಿನ ಮದ್ದು ಪಡೆದು, ಕೆಲದಿನಗಳಲ್ಲಿ ಸಾಯುವ ಮುದಿ ದನವೇ ರಣಹದ್ದಿಗೆ ಅತ್ಯಂತ ಅಪಾಯಕಾರಿ ಕಳೇಬರ. ಯೌವನದಲ್ಲಿ ಮದ್ದು ಪಡೆದು ಚೇತರಿಸಿಕೊಂಡ ದನದಿಂದ ಹಕ್ಕಿಗೆ ಕೇಡಿಲ್ಲ. ದಯೆಯಿಂದ ಕಟ್ಟಿದ ಮನೆಯೇ, ಎಚ್ಚರ ತಪ್ಪಿದರೆ, ವಿಷದ ಉಗ್ರಾಣವಾಗಬಲ್ಲದು.

ಎಲ್ಲ ಗೋಶಾಲೆಗಳೂ ನಿಷಿದ್ಧ ಮದ್ದು ಬಳಸುತ್ತಿವೆ ಎಂಬ ಆರೋಪವನ್ನು ಇಲ್ಲಿ ಹೊರಿಸುತ್ತಿಲ್ಲ. ಎಚ್ಚರದಿಂದ ನಡೆಯುವ ಸಂಸ್ಥೆಗಳೂ ಇವೆ. ಆರೋಪವಿರುವುದು ಕೇಳದೇ ಇರುವುದರ ಮೇಲೆ. ಪುಣೆ, ಚೆನ್ನೈ, ಹೈದರಾಬಾದುಗಳಿಂದ ಊರಿನ ಗೋಶಾಲೆಗೆ ತಂದೆಯ ತಿಥಿಗೆಂದೋ ಮಗುವಿನ ಹುಟ್ಟುಹಬ್ಬಕ್ಕೆಂದೋ ಹಣ ಕಳಿಸುವ ಕುಟುಂಬ, ಅಲ್ಲಿ ಎಷ್ಟು ಹಸುಗಳಿವೆ ಎಂದು ಕೇಳುತ್ತದೆ, ಮೇವಿಗೆ ಎಷ್ಟು ಖರ್ಚು ಎಂದು ಕೇಳುತ್ತದೆ, ಫಲಕದಲ್ಲಿ ಹೆಸರು ಬರೆಯಿಸುತ್ತೀರಾ ಎಂದೂ ಕೇಳುತ್ತದೆ. ಯಾವ ನೋವುನಿವಾರಕ ಕೊಡುತ್ತೀರಿ, ಸತ್ತ ಹಸು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಹಸು ಉಸಿರು ನಿಲ್ಲಿಸಿದ ಕ್ಷಣಕ್ಕೆ ದಾನಿಯ ದಯೆಯೂ ನಿಲ್ಲುತ್ತದೆ.

ಜೈನ ದರ್ಶನ ಹಿಂಸೆಯನ್ನು ಕೇವಲ ಕತ್ತಿ ಬೀಸುವ ಕೃತ್ಯವೆಂದು ಬಣ್ಣಿಸಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಪ್ರಾಣಹಾನಿಯಾದರೆ ಅದೇ ಹಿಂಸೆ ಎಂದು ಅದು ಹೇಳುತ್ತದೆ. ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು ಈ ಮೂರಕ್ಕೂ ಬಂಧವಿದೆ ಎನ್ನುತ್ತದೆ. ಈ ಅಳತೆಗೋಲನ್ನು ಇಲ್ಲಿ ಹಿಡಿದು ನೋಡಿದರೆ ಕಾಲದ ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತದೆ. 2004ಕ್ಕೆ ಮೊದಲು ನಡೆದದ್ದು ಅಜ್ಞಾನ. ಆ ಚುಚ್ಚುಮದ್ದಿನಿಂದ ಆಕಾಶ ಬರಿದಾಗುತ್ತದೆಂದು ಪಶುವೈದ್ಯನಿಗೂ ತಿಳಿದಿರಲಿಲ್ಲ. ತಿಳಿದ ಮೇಲೆ ನಡೆದದ್ದು ಪ್ರಮಾದ. ಅದರಲ್ಲಿ ಹಣ ಕೊಟ್ಟವರ ಪಾಲೂ ಇದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು ಎಂಬುದನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಆಶ್ರಯದಲ್ಲಿರುವ ಪ್ರಾಣಿಗೆ ಆಹಾರ ತಡೆಯಬಾರದೆಂಬುದು ಅದರ ಮೂಲ ಅರ್ಥ. ಒಂದು ಜೀವಜಾತಿಯ ಏಕೈಕ ಆಹಾರಕ್ಕೇ ವಿಷ ಬೆರೆತಿರುವಾಗ ಆ ಮಾತಿನ ವ್ಯಾಪ್ತಿ ಗೋಶಾಲೆಯ ಬೇಲಿಯಲ್ಲೇ ನಿಲ್ಲಬೇಕೇ?

‘ಹೆಣ ತಿನ್ನುವ ಹಕ್ಕಿಗೆ ದಯೆಯೇ?’ ಎನ್ನುವವರು ತಮ್ಮದೇ ಪುರಾಣವನ್ನು ಮರೆತಿದ್ದಾರೆ. ವಿಮಲಸೂರಿಯ ಪಉಮಚರಿಯ, ರವಿಷೇಣನ ಪದ್ಮಪುರಾಣಗಳ ಪರಂಪರೆಗೆ ಕನ್ನಡದ ನಾಗಚಂದ್ರನ ರಾಮಚಂದ್ರಚರಿತಪುರಾಣವೂ ಸೇರುತ್ತದೆ. ಆ ಜೈನ ರಾಮಕಥೆಯಲ್ಲಿ ರಾಮ ಸೀತೆಯರು ಚಾರಣ ಮುನಿಗಳಿಗೆ ಆಹಾರದಾನ ಮಾಡುತ್ತಿರುವಾಗ ಒಂದು ರಣಹದ್ದು ಅಲ್ಲಿಗೆ ಬರುತ್ತದೆ. ಪೂರ್ವಜನ್ಮದಲ್ಲಿ ಮುನಿಗಳನ್ನು ಹಿಂಸಿಸಿದ ದಂಡಕ ರಾಜನೇ ಆ ಹಕ್ಕಿ. ಜಾತಿಸ್ಮರಣವಾಗಿ ಅದು ಮುನಿಗಳ ಪಾದಕ್ಕೆರಗುತ್ತದೆ, ಧರ್ಮೋಪದೇಶ ಕೇಳಿ ಅಣುವ್ರತ ಸ್ವೀಕರಿಸುತ್ತದೆ. ಅದೇ ಜಟಾಯು. ಸೀತೆಗಾಗಿ ಹೋರಾಡಿ ಬಿದ್ದಾಗ ಅದರ ಕಿವಿಯಲ್ಲಿ ರಾಮ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ.

ಈ ಕಥೆಯಿಂದ ಸಮಾಜ ಕಲಿತದ್ದು ಅರ್ಧ ಪಾಠ. ಮಾಂಸ ಬಿಟ್ಟ ರಣಹದ್ದು ಪೂಜ್ಯ ಎಂಬುದನ್ನಷ್ಟೇ ಅದು ನೆನಪಿಟ್ಟುಕೊಂಡಿದೆ. ಆದರೆ ಮುನಿಗಳು ಆ ಹಕ್ಕಿಯನ್ನು ಓಡಿಸಲಿಲ್ಲ. ಅದು ಮಾಂಸ ಬಿಡುವ ಮೊದಲೇ ಅವರ ಕರುಣೆ ಅದರ ಮೇಲೆ ಹರಿದಿತ್ತು. ವ್ರತ ಆಮೇಲೆ ಬಂತು. ಪಂಚೇಂದ್ರಿಯವುಳ್ಳ, ಮನಸ್ಸುಳ್ಳ ತಿರ್ಯಂಚ ಜೀವಿಗೆ ಸಮ್ಯಕ್ತ್ವವೂ ದೇಶವ್ರತವೂ ಸಾಧ್ಯ ಎನ್ನುವ ಸಿದ್ಧಾಂತ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿಲ್ಲ. ಅಂಥ ಜೀವಿ ಲಕ್ಷಗಟ್ಟಲೆ ಸತ್ತು ಬೀಳುವಾಗ ‘ಅದು ಮಾಂಸಾಹಾರಿ’ ಎಂಬ ಒಂದು ಪದದಿಂದ ಕೈತೊಳೆದುಕೊಳ್ಳುವುದು ಸಿದ್ಧಾಂತಕ್ಕೂ ಅಪಚಾರ, ಕಥೆಗೂ ಅಪಚಾರ.

ಈ ಒಂದು ಪದದ ಬೇಲಿ ಎಷ್ಟು ಎತ್ತರ ಬೆಳೆದಿದೆ ಎಂಬುದಕ್ಕೆ ದಿಲ್ಲಿಯೇ ಸಾಕ್ಷಿ. ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿ ಆಸ್ಪತ್ರೆಯ ಸೇವೆ ದೊಡ್ಡದು. ಪ್ರತಿ ವರ್ಷ ಸಾವಿರಾರು ಹಕ್ಕಿಗಳಿಗೆ ಅಲ್ಲಿ ಉಚಿತ ಚಿಕಿತ್ಸೆ ಸಿಗುತ್ತದೆ. ಆದರೆ ಬೇಟೆಹಕ್ಕಿಗಳಿಗೆ ಹೊರರೋಗಿಗಳಾಗಿ ಮಾತ್ರ ಮದ್ದು, ಒಳಗೆ ಹಾಸಿಗೆಯಿಲ್ಲ ಎಂಬ ಕಟ್ಟಳೆಗೂ ಅದು ಹೆಸರಾಯಿತು. ಅದೇ ನಗರದಲ್ಲಿ, ಗಾಯಗೊಂಡ ಹದ್ದಿಗೆ ‘ಮಾಂಸಾಹಾರಿ’ ಎಂಬ ಕಾರಣಕ್ಕೆ ಆಸ್ಪತ್ರೆಯೊಂದರಲ್ಲಿ ಜಾಗ ಸಿಗಲಿಲ್ಲವೆಂದು ಮೊಹಮ್ಮದ್ ಸೌದ್ ಮತ್ತು ನದೀಮ್ ಶೆಹಜಾದ್ ಎಂಬ ಸಹೋದರರು ತಾವೇ ಹದ್ದುಗಳ ಆರೈಕೆಗೆ ಇಳಿದರು. ಶೌನಕ್ ಸೇನ್ ಅವರ 2022ರ ಸಾಕ್ಷ್ಯಚಿತ್ರ ‘ಆಲ್ ದಟ್ ಬ್ರೀದ್ಸ್’ ಅವರ ಕೆಲಸವನ್ನು ಜಗತ್ತಿಗೆ ತೋರಿಸಿತು. ಅಹಿಂಸೆಯ ಹೆಸರಿನಲ್ಲಿ ಬಾಗಿಲು ಮುಚ್ಚಿದಲ್ಲಿ, ಅಹಿಂಸೆಯ ಪಾಠ ಹೇಳಿಸಿಕೊಳ್ಳದ ಮನೆಯವರು ಬಾಗಿಲು ತೆರೆದರು. ಇದಕ್ಕಿಂತ ಕಟುವಾದ ವಿಮರ್ಶೆ ಬೇಕಿಲ್ಲ.

ಈಗ ಈ ಪ್ರಶ್ನೆ ಏಕೆ ತುರ್ತಾಗಿದೆ ಎಂದರೆ, ಅಳಿದುಳಿದ ರಣಹದ್ದುಗಳನ್ನು ಮತ್ತೆ ಆಕಾಶಕ್ಕೆ ಬಿಡುವ ಕೆಲಸ ಆರಂಭವಾಗಿದೆ. ಹರಿಯಾಣದ ಪಿಂಜೋರ್‌ನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮತ್ತು ಅಲ್ಲಿನ ಅರಣ್ಯ ಇಲಾಖೆ ನಡೆಸುವ ಜಟಾಯು ಸಂರಕ್ಷಣಾ ಕೇಂದ್ರದಲ್ಲಿ ಎರಡು ದಶಕಗಳಿಂದ ಮೂರೂ ಪ್ರಭೇದಗಳ ಮರಿಗಳನ್ನು ಬೆಳೆಸಲಾಗಿದೆ. ಪಶ್ಚಿಮ ಬಂಗಾಳದ ರಾಜಾಭಾತ್‌ಖಾವಾ, ಅಸ್ಸಾಮಿನ ರಾಣಿ, ಭೋಪಾಲದ ಕೇರ್ವಾಗಳಲ್ಲೂ ಇಂಥ ಕೇಂದ್ರಗಳಿವೆ. 2020ರ ಅಕ್ಟೋಬರಿನಲ್ಲಿ ಪಿಂಜೋರ್‌ನಿಂದ ಎಂಟು ಬಿಳಿ ಬೆನ್ನಿನ ರಣಹದ್ದುಗಳನ್ನು ಬಯಲಿಗೆ ಬಿಡಲಾಯಿತು. 2024ರ ಜನವರಿಯಲ್ಲಿ ಇಪ್ಪತ್ತು ಹಕ್ಕಿಗಳು ಮಹಾರಾಷ್ಟ್ರದ ತಾಡೋಬಾ ಮತ್ತು ಪೆಂಚ್ ಅರಣ್ಯಗಳಿಗೆ ಬಂದವು. ಕಾಡಿನೊಳಗಿನ ದೊಡ್ಡ ಪಂಜರಗಳಲ್ಲಿ ತಿಂಗಳುಗಟ್ಟಲೆ ಆ ಸೀಮೆಯ ಗಾಳಿ ಬಿಸಿಲುಗಳಿಗೆ ಹೊಂದಿಸಿ, ಬೆನ್ನಿಗೆ ಉಪಗ್ರಹದೊಡನೆ ಸಂಪರ್ಕವಿರುವ ಸಾಧನ ಕಟ್ಟಿ ಅವನ್ನು ಹಾರಬಿಟ್ಟರು. ತಾಡೋಬಾದಿಂದ ಹಾರಿದ ಒಂದು ಹಕ್ಕಿ ರಾಜ್ಯಗಳ ಗಡಿ ದಾಟುತ್ತಾ ತಮಿಳುನಾಡಿನವರೆಗೂ ಹೋಯಿತು.

ಈ ಹಾರಾಟವನ್ನು ಓದಿ ಸಂತೋಷಪಡುವವರು ಅದರ ಇನ್ನೊಂದು ಮುಖವನ್ನೂ ನೋಡಬೇಕು. ರಣಹದ್ದಿಗೆ ಅಭಯಾರಣ್ಯದ ಬೇಲಿ ಗೊತ್ತಿಲ್ಲ. ಹಕ್ಕಿಯನ್ನು ಬಿಡುವ ಜಾಗದ ಸುತ್ತ ನೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ವಿಷದ ಮದ್ದು ಇರಕೂಡದು ಎಂಬುದು ‘ರಣಹದ್ದು ಸುರಕ್ಷಿತ ವಲಯ’ದ ನಿಯಮ. ಆ ವಲಯ ಸುಮಾರು ಮೂವತ್ತು ಸಾವಿರ ಚದರ ಕಿಲೋಮೀಟರಿನಷ್ಟು ದೊಡ್ಡದು. ಅಷ್ಟು ನೆಲದಲ್ಲಿ ಸಾವಿರಾರು ಹಳ್ಳಿಗಳು, ನೂರಾರು ಮದ್ದಂಗಡಿಗಳು, ಹತ್ತಾರು ಗೋಶಾಲೆಗಳು. ಇಪ್ಪತ್ತು ವರ್ಷ ಶ್ರಮಿಸಿ ಬೆಳೆಸಿದ ಹಕ್ಕಿ ಬದುಕುತ್ತದೋ ಸಾಯುತ್ತದೋ ಎಂಬುದನ್ನು ನಿರ್ಧರಿಸುವುದು ಪಿಂಜೋರಿನ ವಿಜ್ಞಾನಿಯಲ್ಲ, ಅದು ಇಳಿಯುವ ಮೊದಲ ಕಳೇಬರ. ಪಂಜರದ ಬಾಗಿಲನ್ನು ಸರ್ಕಾರ ತೆರೆಯಬಹುದು. ಕಳೇಬರವನ್ನು ಶುದ್ಧವಾಗಿಡುವವರು ದನ ಸಾಕುವವರೇ.

ಕನ್ನಡ ನಾಡಿಗೂ ಇದು ದೂರದ ಮಾತಲ್ಲ. ಬೆಂಗಳೂರು–ಮೈಸೂರು ದಾರಿಯಲ್ಲಿರುವ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ದೇಶದ ಮೊದಲ ರಣಹದ್ದು ಅಭಯಧಾಮವೆಂದು ಘೋಷಿಸಲಾಯಿತು. ‘ಶೋಲೆ’ ಚಿತ್ರದ ಬಂಡೆಗಳೆಂದೇ ಹೆಸರಾದ ಆ ಬೆಟ್ಟದಲ್ಲಿ ಇಂದು ಉದ್ದ ಕೊಕ್ಕಿನ ರಣಹದ್ದುಗಳನ್ನು ಬೆರಳಿನಲ್ಲಿ ಎಣಿಸಬಹುದು. ಬಂಡೀಪುರ, ನಾಗರಹೊಳೆ, ವಯನಾಡು, ಮುದುಮಲೆಗಳನ್ನು ಒಳಗೊಂಡ ನೀಲಗಿರಿ ಸೀಮೆಯಲ್ಲಿ ಮೂರು ರಾಜ್ಯಗಳ ಅರಣ್ಯ ಇಲಾಖೆಗಳು ಒಟ್ಟಾಗಿ ಎಣಿಸಿದಾಗ ಸಿಗುವುದು ಕೆಲವು ನೂರು ಮಾತ್ರ. ದಕ್ಷಿಣ ಭಾರತದ ಕೊನೆಯ ದೊಡ್ಡ ನೆಲೆ ಅದು. 2020ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ರಣಹದ್ದು ಸಂರಕ್ಷಣಾ ಕ್ರಿಯಾಯೋಜನೆ ಹೊಸ ಸಂತಾನವರ್ಧನ ಕೇಂದ್ರಗಳಿಗಾಗಿ ಹೆಸರಿಸಿದ ರಾಜ್ಯಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಮೂರೂ ಇವೆ. ಕನ್ನಡ ಜೈನ ಕುಟುಂಬಗಳು ನೆಲೆಸಿರುವ, ದಾನ ಕಳಿಸುವ ಸೀಮೆಯೇ ಇದು.

ಇದಕ್ಕೆ ಎದುರಾಗುವ ಆಕ್ಷೇಪಗಳನ್ನೂ ಪರಿಶೀಲಿಸಬೇಕು. ಮೊದಲನೆಯದು, ನರಳುವ ಮುದಿ ಹಸುವಿಗೆ ನೋವಿನ ಮದ್ದು ತಪ್ಪಿಸಿ ಹಕ್ಕಿಯನ್ನು ಉಳಿಸಬೇಕೇ ಎಂಬುದು. ಬೇಕಿಲ್ಲ. ಮೆಲೊಕ್ಸಿಕಾಮ್ ಎಂಬ ನೋವುನಿವಾರಕ ರಣಹದ್ದಿಗೆ ಅಪಾಯಕಾರಿಯಲ್ಲವೆಂದು 2006ರಲ್ಲೇ ಸಾಬೀತಾಗಿದೆ. ಟಾಲ್ಫೆನಾಮಿಕ್ ಆಮ್ಲವೂ ಪರೀಕ್ಷೆಯಲ್ಲಿ ಸುರಕ್ಷಿತವೆಂದು ತೇರ್ಗಡೆಯಾಗಿದೆ. ಎರಡೂ ಮಾರುಕಟ್ಟೆಯಲ್ಲಿವೆ. ಹಸುವಿನ ನೋವೂ ಇಳಿಯುತ್ತದೆ, ಹಕ್ಕಿಯೂ ಉಳಿಯುತ್ತದೆ. ಎರಡು ಜೀವಗಳಲ್ಲಿ ಒಂದನ್ನು ಆರಿಸಬೇಕಾದ ಸಂಕಟವೇ ಇಲ್ಲಿಲ್ಲ.

ಎರಡನೆಯದು, ಸರ್ಕಾರ ಹೇಗೂ ನಿಷೇಧಿಸಿದೆಯಲ್ಲ ಎಂಬುದು. ನಿಜ. 2006ರಲ್ಲಿ ಪಶುಗಳ ಡೈಕ್ಲೋಫೆನಾಕ್ ನಿಷೇಧವಾಯಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಶೀಶೆಗಳನ್ನು ದನಗಳಿಗೆ ಚುಚ್ಚುವುದು ನಡೆಯಿತು. ಆದ್ದರಿಂದ 2015ರಲ್ಲಿ ಮನುಷ್ಯರ ಚುಚ್ಚುಮದ್ದನ್ನೂ 3 ಮಿಲಿಲೀಟರಿನ ಶೀಶೆಗೆ ಇಳಿಸಬೇಕಾಯಿತು. ಆಮೇಲೂ ಮದ್ದಂಗಡಿಗಳಲ್ಲಿ ಗುಟ್ಟಾಗಿ ನಡೆಸಿದ ಸಮೀಕ್ಷೆಗಳಲ್ಲಿ ಅದು ದನಗಳಿಗೆಂದೇ ಮಾರಾಟವಾಗುತ್ತಿರುವುದು ಕಂಡುಬಂತು. ಡೈಕ್ಲೋಫೆನಾಕ್ ಹೋದ ಜಾಗಕ್ಕೆ ಅಷ್ಟೇ ವಿಷಕಾರಿಯಾದ ಬೇರೆ ಮದ್ದುಗಳು ಬಂದವು. ದನದ ದೇಹದಲ್ಲಿ ತಾನೇ ಡೈಕ್ಲೋಫೆನಾಕ್ ಆಗಿ ಬದಲಾಗುವ ಅಸಿಕ್ಲೋಫೆನಾಕ್ ಮತ್ತು ಕೀಟೊಪ್ರೊಫೇನ್‌ಗಳನ್ನು ನಿಷೇಧಿಸಲು 2023ರವರೆಗೆ, ನಿಮೆಸುಲೈಡನ್ನು ನಿಷೇಧಿಸಲು 2024ರ ಕೊನೆಯವರೆಗೆ ಕಾಯಬೇಕಾಯಿತು. ಕಾನೂನು ರಾಜ್ಯಪತ್ರದಲ್ಲಿ ಬರುತ್ತದೆ, ಸೂಜಿ ಕೊಟ್ಟಿಗೆಯಲ್ಲಿ ಚುಚ್ಚುತ್ತದೆ. ಆ ಎರಡರ ನಡುವಿನ ದೂರವನ್ನು ಕ್ರಮಿಸಬೇಕಾದವರು ಗೋಶಾಲೆಯ ಆಡಳಿತ ಮಂಡಳಿಯವರೂ ದಾನಿಗಳೂ.

ಮೂರನೆಯದು ಶಾಸ್ತ್ರದ ಆಕ್ಷೇಪ. ಸತ್ತ ದೇಹದಲ್ಲೂ ಸೂಕ್ಷ್ಮ ಜೀವಿಗಳು ಹುಟ್ಟುತ್ತಲೇ ಇರುತ್ತವೆ, ಆದ್ದರಿಂದ ಕಳೇಬರವನ್ನು ಹಕ್ಕಿಗೆ ಒಡ್ಡುವುದೂ ಹಿಂಸೆ, ಹೂಳುವುದೇ ಲೇಸು ಎಂದು ಕೆಲವರು ಹೇಳುತ್ತಾರೆ. ಆ ಜೀವೋತ್ಪತ್ತಿ ಹೂತ ಕಳೇಬರದಲ್ಲಿ ನಿಲ್ಲುವುದಿಲ್ಲ, ಸುಟ್ಟರೆ ಅವು ಬದುಕುವುದೂ ಇಲ್ಲ. ಸಹಜವಾಗಿ ಸತ್ತ ಪ್ರಾಣಿಯ ಮಾಂಸವೂ ವರ್ಜ್ಯ ಎಂಬ ವಿಧಿ ಶ್ರಾವಕನ ನಾಲಗೆಗೆ ಹೇಳಿದ್ದು, ಪ್ರಕೃತಿಯ ಜಾಡಮಾಲಿಗಲ್ಲ. ಮದ್ದು ಪಡೆದ ದನವನ್ನು ಹೂಳುವುದು ಸರಿ, ಅಗತ್ಯವೂ ಹೌದು. ಎಲ್ಲವನ್ನೂ ಹೂಳುತ್ತಾ ಹೋದರೆ ವಿಷದಿಂದ ಉಳಿದ ಹಕ್ಕಿ ಹಸಿವಿನಿಂದ ಸಾಯುತ್ತದೆ. ಆಳವಿಲ್ಲದ ಗುಂಡಿಯನ್ನು ನಾಯಿಗಳು ಕೆದರುತ್ತವೆ, ಕೊಳೆತ ರಸ ಬಾವಿಗೆ ಇಳಿಯುತ್ತದೆ.

ರಣಹದ್ದು ಹೋದ ಮೇಲೆ ಆದದ್ದೂ ಇದೇ. ಹಿಂಡು ಇಳಿದು ಒಂದೆರಡು ಗಂಟೆಗಳಲ್ಲಿ ಮೂಳೆ ಬಿಟ್ಟು ಉಳಿದುದನ್ನೆಲ್ಲ ತೀರಿಸುತ್ತಿದ್ದ ಜಾಗದಲ್ಲಿ ನಾಯಿ, ಇಲಿ, ಕೊಳೆತ ಮಾಂಸಗಳು ಉಳಿದವು. ಐಯಲ್ ಫ್ರ್ಯಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ದಲ್ಲಿ ಪ್ರಕಟಿಸಿದ ಅಧ್ಯಯನ, ಹಿಂದೆ ರಣಹದ್ದುಗಳಿದ್ದ ಜಿಲ್ಲೆಗಳನ್ನು ಇಲ್ಲದಿದ್ದ ಜಿಲ್ಲೆಗಳೊಡನೆ ಹೋಲಿಸಿತು. 2000ದಿಂದ 2005ರವರೆಗಿನ ಅವಧಿಯಲ್ಲಿ ಸುಮಾರು 5 ಲಕ್ಷ ಮನುಷ್ಯರ ಹೆಚ್ಚುವರಿ ಸಾವುಗಳಿಗೂ ರಣಹದ್ದುಗಳ ಕಣ್ಮರೆಗೂ ಸಂಬಂಧವಿದೆ ಎಂದು ಅದು ತೋರಿಸಿತು. ಮಲಬಾರ್ ಹಿಲ್‌ನ ಜೈನ ದೇರಾಸರಗಳ ನೆರೆಯಲ್ಲೇ ಪಾರಸಿಗಳ ಡೂಂಗರವಾಡಿ ಇದೆ. ಅಲ್ಲಿ ರಣಹದ್ದುಗಳಿಲ್ಲದೆ ಒಂದು ಸಮಾಜದ ಸಾವಿರಾರು ವರ್ಷಗಳ ಅಂತ್ಯವಿಧಿಯೇ ಇಕ್ಕಟ್ಟಿಗೆ ಸಿಕ್ಕಿ, ಬಿಸಿಲನ್ನು ಕೇಂದ್ರೀಕರಿಸುವ ಯಂತ್ರಗಳನ್ನು ಅಳವಡಿಸಬೇಕಾಯಿತು. 1834ರಲ್ಲಿ ಪಾಂಜರಪೋಳಕ್ಕೆ ಜೊತೆಯಾಗಿ ನಿಂತ ಸಮಾಜದ ಸಂಕಟವಿದು. ಜೀವಿಗಳ ಪರಸ್ಪರ ಉಪಕಾರವನ್ನು ಸಾರುವ ತತ್ತ್ವಾರ್ಥಸೂತ್ರದ ಮಾತು ಜೈನ ಲಾಂಛನದ ಕೆಳಗೆ ಅಚ್ಚಾಗಿರುತ್ತದೆ. ಅದಕ್ಕೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕೇ?

ಗೋಶಾಲೆಯೇ ರಣಹದ್ದನ್ನು ಉಳಿಸಬಲ್ಲದು ಎಂಬುದು ಬರಿಯ ಆಸೆಯಲ್ಲ. ನೇಪಾಳದ ನವಲಪರಾಸಿ ಜಿಲ್ಲೆಯ ಪಿಠೌಲಿ ಗ್ರಾಮದವರು 2006ರಿಂದ ಅದನ್ನು ಮಾಡಿ ತೋರಿಸಿದ್ದಾರೆ. ಗೋವಧೆ ನಿಷಿದ್ಧವಾಗಿರುವ ಆ ದೇಶದಲ್ಲಿ, ರೈತರಿಗೆ ಬೇಡವಾದ ಮುದಿ ದನಗಳನ್ನು ಊರವರೇ ತಂದು, ಸುರಕ್ಷಿತ ಮದ್ದನ್ನಷ್ಟೇ ಕೊಟ್ಟು, ಸಹಜವಾಗಿ ಸಾಯುವವರೆಗೆ ಸಾಕುತ್ತಾರೆ. ಸತ್ತ ಮೇಲೆ ಬಯಲಿನಲ್ಲಿ ಹಕ್ಕಿಗಳಿಗೆ ಬಿಡುತ್ತಾರೆ. ‘ಜಟಾಯು ರೆಸ್ಟೋರೆಂಟ್’ ಎಂದು ಅದಕ್ಕೆ ಹೆಸರು. ಅಲ್ಲಿ ಗೂಡುಗಳ ಸಂಖ್ಯೆ ಏರಿತು, ಪಂಜರದಲ್ಲಿ ಬೆಳೆಸಿದ ಹಕ್ಕಿಗಳನ್ನು 2017ರಿಂದ ಅದೇ ಸೀಮೆಯಲ್ಲಿ ಬಿಡಲು ಸಾಧ್ಯವಾಯಿತು. ಹಸುವನ್ನು ಕೊಲ್ಲಲಿಲ್ಲ, ಹಕ್ಕಿಯನ್ನೂ ಕೊಲ್ಲಲಿಲ್ಲ. ಜೈನ ಗೋಶಾಲೆ ಇದಕ್ಕಿಂತ ಭಿನ್ನವಾಗಿ ಮಾಡಬೇಕಾದದ್ದು ಏನೂ ಇಲ್ಲ. ಅದು ಈಗಾಗಲೇ ಮಾಡುತ್ತಿರುವ ಕೆಲಸದ ಕೊನೆಯ ಹೆಜ್ಜೆಯನ್ನು ಸರಿಯಾಗಿ ಇಡಬೇಕು, ಅಷ್ಟೇ.

ರಾಜಕಾರಣ ಈ ಹೆಜ್ಜೆಯನ್ನು ತಾನಾಗಿ ಇಡುವುದಿಲ್ಲ. ಕೇರಳದ ಚಡಯಮಂಗಲದಲ್ಲಿ 200 ಅಡಿ ಉದ್ದದ ಜಟಾಯು ಶಿಲ್ಪವಿದೆ. ಅಯೋಧ್ಯೆಯ ಕುಬೇರ ಟೀಲಾದ ಜಟಾಯು ಪ್ರತಿಮೆಗೆ 2024ರ ಜನವರಿಯಲ್ಲಿ ಪ್ರಧಾನಿಯೇ ಪುಷ್ಪಾರ್ಚನೆ ಮಾಡಿದರು. ಕಲ್ಲಿನ ಜಟಾಯುವಿಗೆ ಕೊರತೆಯಿಲ್ಲ. ಮಹಾರಾಷ್ಟ್ರದಲ್ಲಿ 2015ರಿಂದ, ಕರ್ನಾಟಕದಲ್ಲಿ 2021ರಿಂದ ಜಾನುವಾರು ಹತ್ಯೆಯ ಕಾನೂನುಗಳು ಬಿಗಿಯಾಗಿವೆ. ಮುದಿ ದನಗಳ ಹೊರೆ ಗೋಶಾಲೆಗಳ ಮೇಲೆ ಬೀಳುತ್ತಿದೆ. ಹಸುವಿನ ಹೆಸರಿನಲ್ಲಿ ಮತ ಕೇಳುವ ಪಕ್ಷವೂ, ಆ ರಾಜಕಾರಣವನ್ನು ವಿರೋಧಿಸುವ ಪಕ್ಷವೂ ಸತ್ತ ಹಸುವಿನ ವಿಷಯಕ್ಕೆ ಬಂದಾಗ ಸಮಾನವಾಗಿ ಮೌನಿಗಳು. ಕಳೇಬರಕ್ಕೆ ಮತದಾನದ ಹಕ್ಕಿಲ್ಲ, ರಣಹದ್ದಿಗೂ ಇಲ್ಲ. ಈ ಮೌನವನ್ನು ಮುರಿಯುವ ನೈತಿಕ ಅಧಿಕಾರ ಯಾರಿಗಾದರೂ ಇದ್ದರೆ, ಕಟುಕನಿಂದ ಹಸುವನ್ನು ಬಿಡಿಸಿ ತನ್ನ ದುಡ್ಡಿನಲ್ಲಿ ಸಾಕುವ ಸಮಾಜಕ್ಕಿದೆ.

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಜೈನ ದಾನ ಪಡೆಯುವ ಪ್ರತಿಯೊಂದು ಗೋಶಾಲೆ, ಪಾಂಜರಪೋಳವೂ ಮದ್ದಿನ ದಾಖಲೆ ಪುಸ್ತಕವನ್ನಿಟ್ಟು ದಾನಿಗಳಿಗೆ ತೆರೆದಿಡಲಿ. ನೋವುನಿವಾರಕವೆಂದರೆ ಮೆಲೊಕ್ಸಿಕಾಮ್ ಅಥವಾ ಟಾಲ್ಫೆನಾಮಿಕ್ ಆಮ್ಲ ಮಾತ್ರ. ನಿಷಿದ್ಧವಾದವು ಸಂಪೂರ್ಣ ವರ್ಜ್ಯ, ರಣಹದ್ದಿನ ಮೇಲೆ ಸುರಕ್ಷಿತವೆಂದು ಸಾಬೀತಾಗದ ಫ್ಲುನಿಕ್ಸಿನ್‌ನಂಥವೂ ವರ್ಜ್ಯ ಎಂದು ಆಡಳಿತ ಮಂಡಳಿ ಲಿಖಿತವಾಗಿ ಘೋಷಿಸಲಿ. ಘೋಷಣೆ ಇಲ್ಲದಲ್ಲಿ ದಾನವೂ ಇಲ್ಲ. ರಣಹದ್ದುಗಳಿರುವ ಅಥವಾ ಅವನ್ನು ಬಿಡಲಿರುವ ಸೀಮೆಯ ಗೋಶಾಲೆಗಳು, ಮದ್ದಿನ ಸೋಂಕಿಲ್ಲದ ಕಳೇಬರಗಳನ್ನು ಅರಣ್ಯ ಇಲಾಖೆ ಗುರುತಿಸಿದ ಆಹಾರ ತಾಣಗಳಿಗೆ ಒಪ್ಪಿಸಲಿ. ಔಷಧ ವ್ಯಾಪಾರದಲ್ಲಿರುವ ಜೈನ ಕುಟುಂಬಗಳು ಕಡಿಮೆಯೇನಿಲ್ಲ. ಶ್ರಾವಕನಿಗೆ ನಿಷಿದ್ಧವಾದ ಉದ್ಯೋಗಗಳಲ್ಲಿ ವಿಷವಾಣಿಜ್ಯವೂ ಒಂದೆಂಬುದನ್ನು ಅವರು ಅಂಗಡಿಯ ಕಪಾಟಿನ ಮುಂದೆ ನಿಂತು ನೆನೆಯಲಿ. ಸಮಾಜದ ಪಕ್ಷಿ ಆಸ್ಪತ್ರೆಗಳು ರೋಗಿಯ ಆಹಾರವನ್ನು ಕೇಳದೆ ಗಾಯವನ್ನು ನೋಡಲಿ. ಸರ್ಕಾರಗಳಿಂದ ಕೇಳಬೇಕಾದದ್ದು ಎರಡೇ. ಗೋಶಾಲೆಯ ಅನುದಾನಕ್ಕೆ ಸುರಕ್ಷಿತ ಮದ್ದಿನ ಷರತ್ತು ಇರಲಿ, ರಣಹದ್ದಿನ ಮೇಲಿನ ಪರಿಣಾಮವನ್ನು ಪರೀಕ್ಷಿಸದೆ ಯಾವ ಹೊಸ ನೋವುನಿವಾರಕಕ್ಕೂ ಪಶುಚಿಕಿತ್ಸೆಯಲ್ಲಿ ಪರವಾನಗಿ ಸಿಗದಿರಲಿ.

ಇದರಲ್ಲಿ ಯಾವುದಕ್ಕೂ ಶ್ರಾವಕನು ತನ್ನ ವ್ರತವನ್ನು ಎಳ್ಳಷ್ಟೂ ಸಡಿಲಿಸಬೇಕಿಲ್ಲ. ಹೊಸ ದೇವಸ್ಥಾನ ಕಟ್ಟುವಷ್ಟು ಹಣ ಬೇಡ, ಹೊಸ ಸಂಸ್ಥೆಯೂ ಬೇಡ. ದಕ್ಷಿಣ ಭಾರತ ಜೈನ ಸಭೆಯಂಥ ಶತಮಾನ ದಾಟಿದ ಸುಧಾರಣಾ ಸಂಸ್ಥೆಗಳು, ನಗರಗಳ ಬಸದಿ ಸಮಿತಿಗಳು, ಭಟ್ಟಾರಕ ಪೀಠಗಳು ಒಂದು ನಿರ್ಣಯ ಮಾಡಿದರೆ ಒಂದೇ ವರ್ಷದಲ್ಲಿ ನೂರಾರು ಗೋಶಾಲೆಗಳ ಮದ್ದಿನ ಕಪಾಟು ಬದಲಾಗುತ್ತದೆ. ಮುಂದಿನ ದಶಲಕ್ಷಣ ಪರ್ವದಲ್ಲಿ ಜೀವದಯಾ ನಿಧಿಯ ಚೀಟಿ ಬರೆಯುವ ಕೈ, ಗೋಶಾಲೆಗೆ ಒಂದು ದೂರವಾಣಿ ಕರೆ ಮಾಡಿ ಮೂರು ಪ್ರಶ್ನೆ ಕೇಳಲಿ. ಯಾವ ನೋವುನಿವಾರಕ ಕೊಡುತ್ತೀರಿ? ಅದರ ದಾಖಲೆ ಎಲ್ಲಿದೆ? ಸತ್ತ ಹಸುವನ್ನು ಏನು ಮಾಡುತ್ತೀರಿ? ಉತ್ತರ ಬರುವವರೆಗೆ ಚೀಟಿ ಮೇಜಿನ ಮೇಲೆಯೇ ಇರಲಿ.